ಖಾಲಿ ಚೌಕದ ಮಾತು

ಬೇಸಿಗೆ ಭತ್ತದ ಕೊಯ್ಲು ಮುಗಿದು ಮಲೆಬೆನ್ನೂರಿನ ರಸ್ತೆಗಳ ಅಂಚಿನಲ್ಲೆಲ್ಲ ಕಾಳು ಹರವಿದ್ದ ದಿನಗಳವು. ನಮ್ಮ ಭಾಗದ ರೈತರ ಒಂದು ಸಣ್ಣ ಗುಂಪಿಗೆ ನಾನೊಂದು ಜಾಲತಾಣ ಕಟ್ಟಿಕೊಟ್ಟಿದ್ದೆ. ಯಾರ ಹೊಲದಲ್ಲಿ ಯಾವ ಬೆಳೆ ಇದೆ ಎಂದು ಬರೆದಿಟ್ಟುಕೊಂಡು, ಅದಕ್ಕೆ ತಕ್ಕ ಸುದ್ದಿಯನ್ನು ಅವರವರಿಗೆ ಮುಟ್ಟಿಸುವುದು ಅದರ ಕೆಲಸ. ಫಾರಂ ತುಂಬಿಸಲು ಒಬ್ಬ ಅಜ್ಜ ಬಂದು ಪಕ್ಕದ ಕುರ್ಚಿಯಲ್ಲಿ ಕೂತರು. ಹೆಗಲ ಮೇಲಿನ ಟವೆಲ್ಲಿಗೆ ಇನ್ನೂ ಹೊಟ್ಟಿನ ದೂಳು ಅಂಟಿತ್ತು. ಪರದೆಯ ಮೇಲೆ ನಾಲ್ಕು ಚೌಕ: ಭತ್ತ, ಅಡಿಕೆ, ತೆಂಗು, ಮೆಕ್ಕೆಜೋಳ. ಅವರು ಹೇಳಿದಂತೆ ಭತ್ತಕ್ಕೊಂದು ಟಿಕ್ ಹಾಕಿದೆ, ತೆಂಗಿಗೊಂದು ಹಾಕಿದೆ. ಅಜ್ಜ ಬಾಗಿ, ಅಡಿಕೆಯ ಮುಂದಿನ ಚೌಕದ ಮೇಲೆ ಬೆರಳಿಟ್ಟರು.

“ತಮ್ಮಾ, ಇದನ್ನ ಖಾಲಿ ಬಿಟ್ರೆ ಅವ್ರು ಏನಂತ ತಿಳ್ಕಂತಾರೆ?”

“ಅಡಿಕೆ ಇಲ್ಲ ಅಂತ ತಿಳ್ಕಂತಾರೆ, ಅಜ್ಜ.”

“ಇಲ್ಲ ಅಂತನಾ? ಇಲ್ಲ, ಕೇಳಲೇ ಇಲ್ಲ ಅಂತನಾ?”

ಆ ಕ್ಷಣಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ವರ್ಷಗಟ್ಟಲೆ ಫಾರಂಗಳ ಜೊತೆ ಕೆಲಸ ಮಾಡಿದವನಿಗೆ, ಈ ಚೌಕದ ಒಳಗೆ ಇಷ್ಟು ಆಳವಿದೆ ಎಂದು ತೋರಿಸಿಕೊಟ್ಟವರು ಅವರು. ಅಂದಿನಿಂದ ಚೆಕ್‌ಬಾಕ್ಸ್ ಕಂಡಲ್ಲೆಲ್ಲ ಒಂದು ಗಳಿಗೆ ನಿಲ್ಲುತ್ತೇನೆ. ನಿಂತಷ್ಟೂ ಅದರ ಚೆಲುವು ಬಿಚ್ಚಿಕೊಳ್ಳುತ್ತದೆ.

ಮೊದಲು ರೂಪವನ್ನೇ ನೋಡಿ. ನಾಲ್ಕು ಗೆರೆ, ನಡುವೆ ಬಯಲು. ಮನೆಯ ಮುಂದೆ ಸಾರಿಸಿ, ಇನ್ನೂ ರಂಗೋಲಿ ಇಡದ ಅಂಗಳದಂತೆ ಅದು ಕಾಯುತ್ತದೆ. ಯುನಿಕೋಡ್ ಪಟ್ಟಿ ಈ ಚೌಕಕ್ಕೂ ಅಕ್ಷರಗಳ ಸಾಲಿನಲ್ಲಿ ಜಾಗ ಕೊಟ್ಟಿದೆ: 2610 ಬರಿದಾದ ಚೌಕ, 2611 ಸರಿ ಗುರುತಿನ ಚೌಕ, 2612 ಕತ್ತರಿ ಗುರುತಿನ ಚೌಕ. ಆ ಪಟ್ಟಿಯಲ್ಲಿ ಇವುಗಳ ಹೆಸರು ಮತಪೆಟ್ಟಿಗೆ ಎಂದು. ಒಬ್ಬ ಮನುಷ್ಯ ತನ್ನ ಇಚ್ಛೆಯನ್ನು ಇಟ್ಟುಹೋಗುವ ಜಾಗಕ್ಕೆ ಅದಕ್ಕಿಂತ ಘನವಾದ ಹೆಸರು ಬೇಕಿಲ್ಲ.

ಇನ್ನು ಆ ಟಿಕ್. ಕೆಳಕ್ಕೆ ಒಂದು ಸಣ್ಣ ಇಳಿತ, ಮೇಲಕ್ಕೆ ಒಂದು ಉದ್ದನೆಯ ಏರು. ಶಾಲೆಯಲ್ಲಿ ಮೇಷ್ಟ್ರ ಕೆಂಪು ಶಾಯಿಯಲ್ಲಿ ಲೆಕ್ಕದ ಪಕ್ಕ ಅದು ಮೂಡಿದರೆ ದಿನವೆಲ್ಲ ಹಗುರ. ನನಗೆ ಅದು ಕನ್ನಡದ ತಲೆಕಟ್ಟಿನ ಬಂಧುವಿನಂತೆಯೇ ಕಾಣುತ್ತದೆ. ‘ತ’ದ ನೆತ್ತಿಯ ಮೇಲೆ, ‘ಗ’ದ ನೆತ್ತಿಯ ಮೇಲೆ ಬಲಕ್ಕೆ ಸರಿದು ಮೇಲಕ್ಕೆ ಚಿಮ್ಮುವ ಆ ಗೀರನ್ನು ಗಮನಿಸಿ. ‘ತ್’ ಎಂದು ಬರೆದಾಗ ತಲೆಕಟ್ಟು ಇಲ್ಲ. ವ್ಯಂಜನ ಉಸಿರು ಹಿಡಿದು ನಿಂತಿರುತ್ತದೆ. ತಲೆಕಟ್ಟು ಬಿದ್ದ ಕೂಡಲೇ ಅಕಾರ ಸೇರಿ ಅದು ‘ತ’ ಆಗುತ್ತದೆ, ದನಿ ಹೊರಡುತ್ತದೆ. ಟಿಕ್ ಬಿದ್ದ ಚೌಕಕ್ಕೂ ಆಗುವುದು ಅದೇ: ಅಲ್ಲಿಯವರೆಗೆ ಮೂಕವಾಗಿದ್ದುದಕ್ಕೆ ಸ್ವರ ಬರುತ್ತದೆ.

ಫಾರಂನಲ್ಲಿ ಚೌಕಕ್ಕೆ ಒಬ್ಬ ಸೋದರನಿದ್ದಾನೆ, ದುಂಡಗಿನವನು, ರೇಡಿಯೋ ಬಟನ್. ಹಳೆಯ ಕಾರುಗಳ ರೇಡಿಯೋದಲ್ಲಿ ಒಂದು ಗುಂಡಿ ಒತ್ತಿದರೆ ಮೊದಲು ಒತ್ತಿದ್ದ ಗುಂಡಿ ಮೇಲೆ ಜಿಗಿಯುತ್ತಿತ್ತು. ಹೆಸರು ಬಂದದ್ದು ಅಲ್ಲಿಂದ. ದುಂಡಗಿನವನು ಒಂದೇ ಉತ್ತರ ಒಪ್ಪುತ್ತಾನೆ: ಇದು, ಇಲ್ಲವೇ ಅದು. ಚೌಕದ ಸ್ವಭಾವ ಬೇರೆ. ಇದೂ ಇರಲಿ, ಅದೂ ಇರಲಿ, ಬೇಕಿದ್ದರೆ ಎರಡೂ ಇಲ್ಲದಿರಲಿ ಎನ್ನುತ್ತದೆ. ಮಲೆಬೆನ್ನೂರಿನಿಂದ ಬಸ್ಸು ಹತ್ತಿ ಹರಿಹರಕ್ಕೆ ಹೋದರೆ ತುಂಗಭದ್ರೆಯ ದಂಡೆಯಲ್ಲಿ ಹರಿಹರೇಶ್ವರನ ಗುಡಿಯಿದೆ. ಹೊಯ್ಸಳ ದೊರೆ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ್ದು. ಗರ್ಭಗುಡಿಯಲ್ಲಿ ಒಂದೇ ಮೂರ್ತಿ. ಅದರ ಬಲಭಾಗ ಹರ, ಎಡಭಾಗ ಹರಿ. ಯಾರು ದೊಡ್ಡವರು ಎಂಬ ಜಗಳಕ್ಕೆ ಆ ಶಿಲ್ಪಿ ದುಂಡಗಿನ ಗುಂಡಿ ಇಡಲಿಲ್ಲ. ಎರಡು ಚೌಕ ಇಟ್ಟು ಎರಡಕ್ಕೂ ಗುರುತು ಹಾಕಿದ. ಒಂದನ್ನು ಒಪ್ಪಿದರೆ ಇನ್ನೊಂದನ್ನು ಬಿಡಬೇಕಿಲ್ಲ ಎಂಬ ಔದಾರ್ಯ ಚೆಕ್‌ಬಾಕ್ಸಿನ ಹುಟ್ಟುಗುಣ. ನಮ್ಮ ತಾಲ್ಲೂಕಿನವರು ಅದನ್ನು ಕಲ್ಲಿನಲ್ಲೇ ಕಂಡು ಬೆಳೆದವರು.

ಇಷ್ಟು ಹೊರಗಿನ ನೋಟ. ರಸದ ಊಟೆ ಇರುವುದು ಒಳಗೆ, ‘ಸಲ್ಲಿಸಿ’ ಎಂಬ ಗುಂಡಿ ಒತ್ತಿದ ಮೇಲೆ.

ಕಾಗದದ ಅರ್ಜಿಗಳನ್ನು ನೆನಪಿಸಿಕೊಳ್ಳಿ. ‘ಅನ್ವಯಿಸದಿರುವುದನ್ನು ಹೊಡೆದುಹಾಕಿ’ ಎಂದು ಅಚ್ಚಾಗಿರುತ್ತಿತ್ತು. ಅಲ್ಲಿ ಇಲ್ಲ ಎನ್ನಲು ಕೈ ಆಡಿಸಬೇಕಿತ್ತು, ಗೆರೆ ಎಳೆಯಬೇಕಿತ್ತು. ಇಲ್ಲ ಎಂಬುದಕ್ಕೂ ಶಾಯಿ ಬೀಳುತ್ತಿತ್ತು. ವೆಬ್ ಫಾರಂನ ಚೌಕ ಹಾಗಲ್ಲ. ಟಿಕ್ ಹಾಕಿದ ಚೌಕ ತನ್ನ ಹೆಸರು ಮತ್ತು ಮೌಲ್ಯ ಎರಡನ್ನೂ ಸರ್ವರ್‌ಗೆ ಕಳಿಸುತ್ತದೆ. ಟಿಕ್ ಹಾಕದ ಚೌಕ ಏನನ್ನೂ ಕಳಿಸುವುದಿಲ್ಲ. ‘ಇಲ್ಲ’ ಎಂದೂ ಕಳಿಸುವುದಿಲ್ಲ, ಸೊನ್ನೆಯನ್ನೂ ಕಳಿಸುವುದಿಲ್ಲ, ತಾನೊಬ್ಬನಿದ್ದೆ ಎಂಬ ಸುಳಿವನ್ನೂ ಕೊಡುವುದಿಲ್ಲ. 1995ರ ನವೆಂಬರ್‌ನಲ್ಲಿ ಟಿಮ್ ಬರ್ನರ್ಸ್-ಲೀ ಮತ್ತು ಡ್ಯಾನ್ ಕಾನೊಲಿ ಬರೆದ ಎಚ್‌ಟಿಎಂಎಲ್ 2.0 ನಿಯಮಗಳ ಕಾಲದಿಂದ ಈ ಮೌನ ಹೀಗೆಯೇ ನಡೆದುಬಂದಿದೆ. ಅಜ್ಜನ ಫಾರಂ ಸಲ್ಲಿಸಿದಾಗ ತಂತಿಯಲ್ಲಿ ಹೋದದ್ದು ಎರಡೇ ಮಾತು: ಬೆಳೆ ಭತ್ತ, ಬೆಳೆ ತೆಂಗು. ಅಡಿಕೆ, ಮೆಕ್ಕೆಜೋಳಗಳ ಹೆಸರೇ ಎತ್ತಲಿಲ್ಲ.

ಹೆಸರು ಎಂದೆನಲ್ಲ, ಅದೂ ಸಣ್ಣ ಸಂಗತಿಯಲ್ಲ. ಚೌಕಕ್ಕೆ ಹೆಸರು ಕೊಡದಿದ್ದರೆ ಟಿಕ್ ಹಾಕಿದರೂ ಅದು ಹೊರಡುವುದಿಲ್ಲ. ಹೆಸರು ಕೊಟ್ಟು ಮೌಲ್ಯ ಬರೆಯಲು ಮರೆತರೆ ಬ್ರೌಸರ್ ತಾನಾಗಿ ‘ಆನ್’ ಎಂಬ ಪದ ಕಳಿಸುತ್ತದೆ. ಏನೋ ಒಂದಕ್ಕೆ ಹೌದು ಎಂದಿದ್ದಾರೆ ಎಂದಷ್ಟೇ ತಿಳಿಯುತ್ತದೆ. ಇದನ್ನು ಯೋಚಿಸುವಾಗ ಮಲೆಬೆನ್ನೂರಿನ ಪಕ್ಕದ ಕೊಮಾರನಹಳ್ಳಿ ನೆನಪಾಗುತ್ತದೆ. ಅಲ್ಲಿನ ಹೆಳವನಕಟ್ಟೆ ರಂಗನಾಥನನ್ನು ನಂಬಿ ಹಾಡಿದವಳು 18ನೇ ಶತಮಾನದ ಹರಿದಾಸಿ ಗಿರಿಯಮ್ಮ. ಅವಳ ಕೀರ್ತನೆಗಳ ಕೊನೆಯಲ್ಲಿ ಹೆಳವನಕಟ್ಟೆ ರಂಗನ ಅಂಕಿತ ಇರುತ್ತದೆ. ಹಾಡು ಬಾಯಿಂದ ಬಾಯಿಗೆ, ಬೀಸುವ ಕಲ್ಲಿನಿಂದ ತೊಟ್ಟಿಲಿಗೆ, ಊರಿಂದ ಊರಿಗೆ ಹರಿದರೂ ಯಾರದೆಂದು ತಪ್ಪಿಹೋಗದಂತೆ ಕಾದದ್ದು ಆ ಅಂಕಿತ. ದೂರ ಹೋಗಬೇಕಾದ ಮಾತು ತನ್ನ ಗುರುತನ್ನು ತಾನೇ ಹೊತ್ತುಕೊಂಡು ಹೋಗಬೇಕು ಎಂಬುದು ಕೀರ್ತನೆಗೂ ಫಾರಂಗೂ ಒಂದೇ ನಿಯಮ.

ಮತ್ತೆ ಮೌನಕ್ಕೆ ಬರೋಣ. ಈ ಮೌನವನ್ನು ನನಗೆ ಅರ್ಥ ಮಾಡಿಸಿದ್ದು ಪುಸ್ತಕವಲ್ಲ, ನಾಲೆ.

ನಮ್ಮೂರ ಬದುಕು ಭದ್ರಾ ನಾಲೆಯ ನೀರಿನ ಮೇಲೆ ನಿಂತಿದೆ. ಲಕ್ಕವಳ್ಳಿಯ ಅಣೆಕಟ್ಟಿನಲ್ಲಿ ನೀರು 186 ಅಡಿ ತುಂಬಿತು ಎಂಬ ಸುದ್ದಿ ಬಂದರೆ ಇಲ್ಲಿ ಮುಖ ಅರಳುತ್ತದೆ. ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರದ, ಅಂದರೆ ಕಾಡಾದ, ಸಭೆಯಲ್ಲಿ ಇಂತಿಷ್ಟು ದಿನ ನೀರು ಬಿಡುವುದು, ಇಂತಿಷ್ಟು ದಿನ ನಿಲ್ಲಿಸುವುದು ಎಂದು ತೀರ್ಮಾನವಾಗುತ್ತದೆ. ನಾವು ಇರುವುದು ನಾಲೆಯ ಕೆಳಭಾಗದಲ್ಲಿ. ಒಂದು ಬೆಳಿಗ್ಗೆ ಹೊಲದ ಕಾಲುವೆಗೆ ಹೋಗಿ ನೋಡಿದರೆ ತಳ ಒಣಗಿರುತ್ತದೆ. ಆ ಒಣ ಕಾಲುವೆ ಏನು ಹೇಳುತ್ತಿದೆ? ಮೇಲೆ ನೀರು ಬಿಟ್ಟೇ ಇಲ್ಲವೆಂದೇ? ಬಿಟ್ಟಿದ್ದಾರೆ, ನಡುವೆಯೇ ಎಲ್ಲೋ ತೀರಿತೆಂದೇ? ತೂಬು ಮುಚ್ಚಿದ್ದಾರೆಂದೇ? ಕಣ್ಣಿಗೆ ಬೀಳುವ ಒಣ ಮಣ್ಣು ಒಂದೇ. ಅದರ ಹಿಂದಿನ ಕಾರಣ ಮೂರು. ಕೊನೆಭಾಗದ ರೈತ ಹುಟ್ಟಿನಿಂದ ಈ ಪ್ರಶ್ನೆಯ ಜೊತೆ ಬದುಕಿದವನು. ಅಜ್ಜ ನನ್ನನ್ನು ಕೇಳಿದ್ದೂ ಇದನ್ನೇ. ಖಾಲಿಯನ್ನು ಕಂಡೊಡನೆ ‘ಇಲ್ಲ’ ಎಂದು ಓದಬಾರದು ಎಂಬುದು ಅವರಿಗೆ ಕಾಲುವೆ ಕಲಿಸಿದ ಪಾಠ.

ನಮ್ಮ ಹಿರಿಯರು ಇದನ್ನು ಶಾಸ್ತ್ರವಾಗಿಯೇ ಬೆಳೆಸಿದ್ದಾರೆ. ಕುಮಾರಿಲ ಭಟ್ಟನ ಮೀಮಾಂಸೆಯೂ ಅದ್ವೈತಿಗಳೂ ಒಪ್ಪುವ ಆರು ಪ್ರಮಾಣಗಳಲ್ಲಿ ಕೊನೆಯದು ಅನುಪಲಬ್ಧಿ, ಅಂದರೆ ಕಾಣದಿರುವುದು. ನೆಲದ ಮೇಲೆ ಗಡಿಗೆ ಕಾಣುತ್ತಿಲ್ಲ, ಆದ್ದರಿಂದ ಗಡಿಗೆ ಇಲ್ಲ. ಕೇಳಲು ಸರಳ. ಆದರೆ ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಕತ್ತಲ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲ ಎಂದರೆ ಅದು ಇಲ್ಲ ಎಂದಾಗದು. ದೀಪವಿರಬೇಕು, ಕಣ್ಣು ಆ ಕಡೆ ಹೋಗಿರಬೇಕು. ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವ ಸ್ಥಿತಿಯಿರಬೇಕು. ಅದಕ್ಕೆ ಅವರಿಟ್ಟ ಹೆಸರು ಯೋಗ್ಯಾನುಪಲಬ್ಧಿ. ಇಲ್ಲ ಎನ್ನುವ ಹಕ್ಕು ಸಿಗುವುದು ನೋಡಿದವನಿಗೆ ಮಾತ್ರ.

ಫಾರಂ ಕಟ್ಟುವವರು ಬಳಸುವ ಒಂದು ಹಳೆಯ ಉಪಾಯ ಈ ತತ್ವವನ್ನೇ ಬೆರಳೆಣಿಕೆಯ ಅಕ್ಷರಗಳಲ್ಲಿ ಆಚರಣೆಗೆ ತರುತ್ತದೆ. ಚೌಕದ ಮುಂಚೆ, ಅದೇ ಹೆಸರಿನಲ್ಲಿ, ಕಣ್ಣಿಗೆ ಕಾಣದ ಒಂದು ಖಾನೆ ಇಡುತ್ತಾರೆ. ಅದರ ಮೌಲ್ಯ 0. ಚೌಕಕ್ಕೆ ಟಿಕ್ ಬಿದ್ದರೆ 0 ಮತ್ತು 1 ಎರಡೂ ಹೊರಡುತ್ತವೆ. ಪಿಎಚ್‌ಪಿಯಂಥ ಭಾಷೆಯಲ್ಲಿ ಒಂದೇ ಹೆಸರಿನಲ್ಲಿ ಎರಡು ಬಂದರೆ ಕೊನೆಗೆ ಬಂದದ್ದು ನಿಲ್ಲುತ್ತದೆ, ಆದ್ದರಿಂದ 1. ಟಿಕ್ ಬೀಳದಿದ್ದರೆ 0 ಒಂದೇ ಬರುತ್ತದೆ. ಫಾರಂನಲ್ಲಿ ಆ ಪ್ರಶ್ನೆಯೇ ಇರದಿದ್ದರೆ ಎರಡೂ ಬರುವುದಿಲ್ಲ. ಆ ಕಾಣದ ಖಾನೆ ಕೋಣೆಯಲ್ಲಿ ಹಚ್ಚಿಟ್ಟ ದೀಪ. ಈ ಪ್ರಶ್ನೆಯನ್ನು ಇವರ ಮುಂದೆ ಇಡಲಾಗಿತ್ತು, ಇವರು ನೋಡಿದ್ದರು, ನೋಡಿ ಬಿಟ್ಟರು ಎಂಬುದಕ್ಕೆ ಅದು ಸಾಕ್ಷಿ. ಅಜ್ಜನ ಎರಡು ಪ್ರಶ್ನೆಗಳು ಅಲ್ಲಿ ಬೇರೆ ಬೇರೆಯಾಗುತ್ತವೆ.

ಈ ಬೇರ್ಪಡಿಕೆಗೆ ಡೇಟಾಬೇಸಿನಲ್ಲೂ ಜಾಗವಿದೆ. 1 ಎಂದರೆ ಹೌದು, 0 ಎಂದರೆ ಇಲ್ಲ. ಇವೆರಡೂ ಅಲ್ಲದ ಮೂರನೆಯದು ನಲ್: ಇನ್ನೂ ತಿಳಿದಿಲ್ಲ. ಸಂಬಂಧಾಧಾರಿತ ಡೇಟಾಬೇಸಿನ ಕಲ್ಪನೆಯನ್ನು 1970ರಲ್ಲಿ ಮುಂದಿಟ್ಟವನು ಎಡ್ಗರ್ ಕಾಡ್; ಮುಂದೆ ತಿಳಿಯದಿರುವುದಕ್ಕೂ ಲೆಕ್ಕದಲ್ಲಿ ಒಂದು ಸ್ಥಾನ ಬೇಕೆಂದು ಪಟ್ಟುಹಿಡಿದವನೂ ಅವನೇ. ನಲ್ ಅನ್ನು ಇನ್ನೊಂದು ನಲ್ ಜೊತೆ ಹೋಲಿಸಿ ಎರಡೂ ಸಮವೇ ಎಂದು ಕೇಳಿದರೆ ಡೇಟಾಬೇಸ್ ಹೌದು ಎನ್ನುವುದಿಲ್ಲ. ಇಬ್ಬರ ಬಗ್ಗೆ ನನಗೇನೂ ಗೊತ್ತಿಲ್ಲ ಎಂದ ಮಾತ್ರಕ್ಕೆ ಅವರಿಬ್ಬರೂ ಒಂದೇ ಎನ್ನಲಾದೀತೆ? ಎಷ್ಟು ವಿನಯದ ಗಣಿತ.

ಬಂದ ಗುರುತುಗಳನ್ನು ಹೇಗೆ ಕೂಡಿಡುವುದು ಎಂಬಲ್ಲಿ ಕುಶಲಕರ್ಮಿಗಳ ಕೈಚಳಕ ನೋಡಬೇಕು. ಜಾಲತಾಣದ ಬರಹ, ಚಿತ್ರ, ಫಾರಂಗಳನ್ನೆಲ್ಲ ನೋಡಿಕೊಳ್ಳುವ ಕಂಟೆಂಟ್ ಮ್ಯಾನೇಜ್‌ಮೆಂಟ್ ವ್ಯವಸ್ಥೆಗಳು ಹಲವಿವೆ. ಒಂದೊಂದಕ್ಕೂ ತನ್ನದೇ ನಡೆ.

ಪಿಎಚ್‌ಪಿಯಲ್ಲಿ ಬರೆದವುಗಳಿಗೆ ಒಂದೇ ಹೆಸರಿನ ನಾಲ್ಕು ಚೌಕಗಳ ಗುರುತನ್ನೂ ಕೂಡಿಸಿ ತೆಗೆದುಕೊಳ್ಳಬೇಕಾದರೆ ಹೆಸರಿನ ಕೊನೆಗೆ [] ಎಂಬ ಜೋಡಿ ಕಂಸ ಹಚ್ಚಬೇಕು. ಅದಿಲ್ಲದಿದ್ದರೆ ಭತ್ತ ಹೋಗಿ ಕೊನೆಗೆ ಬಂದ ತೆಂಗು ಮಾತ್ರ ಉಳಿಯುತ್ತದೆ. ಆ ಕಂಸವನ್ನು ನೋಡಿದಾಗಲೆಲ್ಲ ಮಡಿಲು ಹಿಡಿದು ನಿಂತವರ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಮಡಿಲು ಇದ್ದರೆ ಬಿದ್ದದ್ದೆಲ್ಲ ಉಳಿಯುತ್ತದೆ. ಬರಿಯ ಅಂಗೈ ಒಂದನ್ನೇ ಹಿಡಿದೀತು.

2003ರಲ್ಲಿ ಮ್ಯಾಟ್ ಮುಲೆನ್‌ವೆಗ್ ಮತ್ತು ಮೈಕ್ ಲಿಟ್ಲ್ ಶುರುಮಾಡಿದ ವರ್ಡ್‌ಪ್ರೆಸ್, ಹೀಗೆ ಮಡಿಲಿಗೆ ಬಿದ್ದ ಪಟ್ಟಿಯನ್ನು ಒಂದೇ ಸಾಲಾಗಿ ಪೋಣಿಸಿ ಕೋಶದಲ್ಲಿಡುತ್ತದೆ. ಪೋಣಿಸುವಾಗ ಪ್ರತಿ ಪದದ ಮುಂದೆ ಅದರ ಉದ್ದವನ್ನೂ ಬರೆಯುತ್ತದೆ. ಭತ್ತದ ಮುಂದೆ ಅದು ಬರೆಯುವ ಅಂಕಿ 12. ಮೊದಲ ಸಲ ಕಂಡಾಗ ನಾನು ಬೆರಗಾಗಿ ಕೂತೆ. ಭತ್ತ ಎಂಬುದರಲ್ಲಿ ಕಣ್ಣಿಗೆ ಕಾಣುವುದು ಎರಡು ಅಕ್ಷರ. ಯುನಿಕೋಡ್ ಅದನ್ನು ಬಿಡಿಸಿ ಓದುವಾಗ ಭ, ತ, ವಿರಾಮ, ತ ಎಂದು ನಾಲ್ಕು. ಯುಟಿಎಫ್-8 ಬರವಣಿಗೆಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ನಾಲ್ಕು ಮೂರಲ ಹನ್ನೆರಡು. ಅಡಿಕೆಗೆ ಹಾಗೆಯೇ 15. ಒತ್ತಕ್ಷರದ ಒಡಲಲ್ಲಿ ಅಡಗಿದ ವಿರಾಮಕ್ಕೂ ಯಂತ್ರ ಜಾಗ ಕೊಟ್ಟಿದೆ, ತೂಕ ಹಾಕಿದೆ. ಯಾರಾದರೂ ನಡುವೆ ಕೈಹಾಕಿ ಪದ ತಿದ್ದಿ ಅಂಕಿಯನ್ನು ಹಾಗೆಯೇ ಬಿಟ್ಟರೆ ಇಡೀ ಮಾಲೆ ಬಿಚ್ಚಲು ಬಾರದು. ಚೀಲದ ಮೇಲಿನ ತೂಕಕ್ಕೂ ಒಳಗಿನ ಕಾಳಿಗೂ ತಾಳೆಯಾಗದಿದ್ದರೆ ಮಿಲ್ಲಿನವರು ಚೀಲವನ್ನು ಒಳಗೆ ತೆಗೆದುಕೊಳ್ಳುತ್ತಾರೆಯೇ?

ಅದಕ್ಕಿಂತ ಹಳೆಯ, ನನಗೆ ಅತಿ ಪ್ರಿಯವಾದ ಇನ್ನೊಂದು ರೀತಿಯಿದೆ. ಅದನ್ನು ವಿವರಿಸಲು ನಮ್ಮಜ್ಜಿಯ ಕಾಲದ ಅಳತೆಯ ಪಾತ್ರೆಗಳನ್ನು ತರಬೇಕು. ಚಟಾಕು, ಅರೆಪಾವು, ಪಾವು, ಅಚ್ಚೇರು, ಸೇರು. ಒಂದೊಂದೂ ಹಿಂದಿನದರ ಎರಡರಷ್ಟು. ಚಟಾಕನ್ನು 1 ಎಂದುಕೊಂಡರೆ ಮುಂದಿನವು 2, 4, 8, 16. ಒಂದೊಂದು ಪಾತ್ರೆಯನ್ನು ಒಂದು ಸಲ ಮಾತ್ರ ಬಳಸುವುದೆಂದು ನಿಯಮ ಮಾಡಿದರೆ, 31 ಚಟಾಕಿನವರೆಗೆ ಯಾವ ಅಳತೆಯನ್ನಾದರೂ ಅಳೆಯಬಹುದು. ಮತ್ತು ಯಾವ ಅಳತೆಗೂ ಪಾತ್ರೆಗಳ ಜೋಡಣೆ ಒಂದೇ ಬಗೆ. ಐದು ಚಟಾಕು ಅಕ್ಕಿ ಎಂದರೆ ಪಾವು ಮತ್ತು ಚಟಾಕು, ಇನ್ನೊಂದು ದಾರಿಯಿಲ್ಲ. ಚೌಕಗಳನ್ನೂ ಹೀಗೆಯೇ ಅಳೆಯಬಹುದು. ಭತ್ತಕ್ಕೆ 1, ಅಡಿಕೆಗೆ 2, ತೆಂಗಿಗೆ 4, ಮೆಕ್ಕೆಜೋಳಕ್ಕೆ 8. ಅಜ್ಜನದು ಭತ್ತ ಮತ್ತು ತೆಂಗು, ಕೂಡಿದರೆ 5. ಕೋಶದಲ್ಲಿ ಆ ಒಂದು ಅಂಕಿ ಇಟ್ಟರೆ ಸಾಕು. ಅದರಿಂದ ಎರಡು ‘ಹೌದು’ ಮತ್ತು ಎರಡು ‘ಇಲ್ಲ’ಗಳನ್ನು ಎಂದು ಬೇಕಾದರೂ ಬಿಡಿಸಿ ತೆಗೆಯಬಹುದು. 16 ಬಗೆಯ ಹೊಲಗಳಿಗೆ, ಏನೂ ಇಲ್ಲದ 0ಯಿಂದ ಎಲ್ಲವೂ ಇರುವ 15ರವರೆಗೆ, 16 ಅಂಕಿ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಹೌದು-ಇಲ್ಲಗಳನ್ನೇ ಗಣಿತವಾಗಿಸಿದ ಜಾರ್ಜ್ ಬೂಲ್ 1854ರಲ್ಲಿ ಚಿಂತನೆಯ ನಿಯಮಗಳ ಬಗ್ಗೆ ತನ್ನ ದೊಡ್ಡ ಗ್ರಂಥ ಹೊರತಂದ. ಎರಡೆರಡಾಗಿ ಬೆಳೆಯುವ ಅಳತೆಯ ಸೊಗಸನ್ನು ಅಕ್ಕಿ ಅಳೆಯುವ ಕೈಗಳು ಅಡುಗೆಮನೆಯಲ್ಲೇ ಬಲ್ಲವಾಗಿದ್ದವು.

ಆದರೂ ಇಂದು ನಾನು ಹೆಚ್ಚಾಗಿ ಆರಿಸಿಕೊಳ್ಳುವುದು ಇವೆರಡನ್ನೂ ಅಲ್ಲ, ಒಂದು ಟಿಕ್‌ಗೆ ಒಂದು ಸಾಲು ಎಂಬ ಸರಳ ರೀತಿಯನ್ನು. ಇಂಥವರು, ಭತ್ತ. ಇಂಥವರು, ತೆಂಗು. ಪೋಣಿಸಿದ ಮಾಲೆ ಕಾಪಿಡಲು ಚೆನ್ನ, ಹುಡುಕಲು ಕಷ್ಟ. ತೆಂಗು ಬೆಳೆಯುವವರು ಯಾರು ಯಾರು ಎಂದು ಕೇಳಿದರೆ ಪ್ರತಿ ಮಾಲೆಯನ್ನೂ ಬಿಚ್ಚಿ ನೋಡಬೇಕು. ಸಾಲುಗಳಾಗಿ ಇಟ್ಟರೆ ಕರೆದ ಕೂಡಲೇ ಬರುತ್ತವೆ. ಸಾಲಿನಲ್ಲಿ ಇಡುವುದು ಪದವನ್ನಲ್ಲ, ಒಂದು ಸ್ಥಿರ ಸಂಕೇತವನ್ನು. ಯಾಕೆಂದರೆ ಮಾತು ಬದಲಾಗುತ್ತದೆ. ದಾವಣಗೆರೆಯಲ್ಲಿ ಮೆಕ್ಕೆಜೋಳ ಎಂಬುದನ್ನೇ ಉತ್ತರದ ಜಿಲ್ಲೆಗಳವರು ಗೋವಿನಜೋಳ ಎನ್ನುತ್ತಾರೆ, ಮೈಸೂರಿನ ಕಡೆಯವರು ಮುಸುಕಿನಜೋಳ ಎನ್ನುತ್ತಾರೆ. ಚೌಕದ ಪಕ್ಕದ ಹಣೆಪಟ್ಟಿಯನ್ನು ನಾಳೆ ತಿದ್ದಿದರೂ ಒಳಗಿನ ಸಂಕೇತ ಕದಲದಿದ್ದರೆ, ಯಾರ ಹೊಲದ ಜೋಳವೂ ಕಾಣೆಯಾಗದು.

ಡ್ರೂಪಲ್ ವ್ಯವಸ್ಥೆಯ ನಡೆ ಇನ್ನೂ ಗೌರವದ್ದು. ಅದರ ಚೌಕಗಳ ಗುಂಪನ್ನು ಸಲ್ಲಿಸಿದಾಗ ಟಿಕ್ ಬಿದ್ದದ್ದರ ಜೊತೆ ಬೀಳದ್ದನ್ನೂ ಹೆಸರು ಹಿಡಿದು ಮುಂದಿಡುತ್ತದೆ: ಭತ್ತಕ್ಕೆ ಭತ್ತ, ತೆಂಗಿಗೆ ತೆಂಗು, ಅಡಿಕೆಗೆ 0, ಮೆಕ್ಕೆಜೋಳಕ್ಕೆ 0. ಬ್ರೌಸರ್ ಮೌನವಾಗಿ ಬಿಟ್ಟದ್ದನ್ನು, ತಾನು ಯಾವ ಯಾವ ಪ್ರಶ್ನೆ ಕೇಳಿದ್ದೆ ಎಂದು ನೆನಪಿಟ್ಟುಕೊಂಡು, ಮತ್ತೆ ಮಾತಾಗಿಸುತ್ತದೆ. 2001ರಲ್ಲಿ ಇದನ್ನು ಹೊರತಂದ ಬೆಲ್ಜಿಯಂನ ಡ್ರೀಸ್ ಬಾಯ್ಟಾರ್ಟ್ ತನ್ನ ತಾಣಕ್ಕೆ ಡಚ್ ಭಾಷೆಯಲ್ಲಿ ಹಳ್ಳಿ ಎಂಬ ಅರ್ಥದ ‘ಡೋರ್ಪ್’ ಎಂಬ ಹೆಸರಿಡಲು ಹೋಗಿ, ಟೈಪು ಮಾಡುವಾಗ ಅಕ್ಷರ ಅದಲುಬದಲಾಗಿ ಅದು ‘ಡ್ರಾಪ್’ ಆಯಿತಂತೆ. ಇಂಗ್ಲಿಷಿನಲ್ಲಿ ಡ್ರಾಪ್ ಎಂದರೆ ಹನಿ. ಹನಿ ಎಂಬುದಕ್ಕಿರುವ ಡಚ್ ಪದದಿಂದಲೇ ಡ್ರೂಪಲ್ ಬಂತು. ಹಳ್ಳಿ ಬಯಸಿದವನಿಗೆ ಹನಿ ಸಿಕ್ಕಿತು. ನಾಲೆಯ ಕೊನೆಯ ಹಳ್ಳಿಯಲ್ಲಿ ಕೂತು ಈ ಕಥೆ ಕೇಳಿದವನಿಗೆ ಹಳ್ಳಿ ಮತ್ತು ಹನಿ ಎರಡು ಬೇರೆ ಪದಗಳಾಗಿ ತೋರುವುದೇ ಇಲ್ಲ.

ಉಳಿಸುವ ಕಲೆಯ ನಿಜವಾದ ಪರೀಕ್ಷೆ ಟಿಕ್ ಹಾಕುವಾಗ ಆಗುವುದಿಲ್ಲ, ತೆಗೆಯುವಾಗ ಆಗುತ್ತದೆ. ನನ್ನ ಮೊದಲ ಫಾರಂನಲ್ಲಿ ನಾನು ಬರೆದಿದ್ದ ಸೂಚನೆ ಇಷ್ಟೇ: ಮೌಲ್ಯ ಬಂದರೆ ಉಳಿಸು. ಒಬ್ಬರು ತೆಂಗಿನ ತೋಟ ಅಣ್ಣನ ಪಾಲಿಗೆ ಹೋಯಿತೆಂದು ಬಂದು ತೆಂಗಿನ ಟಿಕ್ ತೆಗೆಸಿದರು. ಸಲ್ಲಿಸಿ ಮತ್ತೆ ತೆರೆದರೆ ಟಿಕ್ ಅಲ್ಲೇ ಇತ್ತು. ಮತ್ತೆ ತೆಗೆದೆ, ಮತ್ತೆ ಇತ್ತು. ಖಾಲಿ ಚೌಕ ಏನನ್ನೂ ಕಳಿಸಲಿಲ್ಲ; ಏನೂ ಬರಲಿಲ್ಲವೆಂದು ನನ್ನ ಸೂಚನೆ ಹಳೆಯದನ್ನು ಮುಟ್ಟಲಿಲ್ಲ. ಕೈಬಿಟ್ಟುಹೋದ ತೋಟ ಅವರ ಹೆಸರಿನಲ್ಲಿ ಮತ್ತೆ ಮತ್ತೆ ಮೂಡುತ್ತಿದ್ದುದನ್ನು ಅವರು ಸುಮ್ಮನೆ ನೋಡುತ್ತ ಕೂತಿದ್ದರು. ಅದು ನನ್ನ ತಪ್ಪು, ಮತ್ತು ಅದು ಅವರನ್ನು ನೋಯಿಸಿತು. ಹೋದದ್ದೂ ಒಂದು ಸುದ್ದಿ, ಬಂದದ್ದರಷ್ಟೇ ಶ್ರದ್ಧೆಯಿಂದ ಅದನ್ನು ಬರೆದುಕೊಳ್ಳಬೇಕು ಎಂದು ಆ ದಿನ ಕಲಿತೆ. ಅಂದೇ ಚೌಕದ ಹಿಂದೆ ದೀಪ ಹಚ್ಚಿಟ್ಟೆ.

ಸರಿಯಾಗಿ ಉಳಿಸಿದ ಫಾರಂ ಮತ್ತೆ ತೆರೆದುಕೊಳ್ಳುವ ಗಳಿಗೆ ನನಗೆ ಈ ಕೆಲಸದಲ್ಲಿ ಸಿಗುವ ಎಲ್ಲಕ್ಕಿಂತ ಮಧುರವಾದ ಸುಖ. ವ್ಯವಸ್ಥೆ ಕೋಶಕ್ಕೆ ಹೋಗಿ ಉಳಿಸಿದ್ದನ್ನು ತರುತ್ತದೆ, ಒಂದೊಂದು ಚೌಕದ ಮುಂದೆಯೂ ನಿಂತು ‘ಇದು ಅದೇ ತಾನೇ?’ ಎಂದು ಹೋಲಿಸುತ್ತದೆ, ತಾಳೆಯಾದಲ್ಲಿ ಗುರುತು ಮೂಡಿಸುತ್ತದೆ. ವರ್ಡ್‌ಪ್ರೆಸ್‌ನಲ್ಲಿ ಈ ಹೋಲಿಕೆಗೆಂದೇ ‘ಚೆಕ್ಡ್’ ಎಂಬ ಪುಟ್ಟ ಸೂಚನೆಯಿದೆ. ವರ್ಷದ ಕೆಳಗೆ ಇಟ್ಟುಹೋದ ಮಾತು ಇಟ್ಟ ಜಾಗದಲ್ಲೇ ಸಿಗುತ್ತದೆ. ದೂರದ ಊರಿಂದ ಬಂದವರಿಗೆ, ಕಾಫಿಗೆ ಸಕ್ಕರೆ ಎಷ್ಟೆಂದು ಕೇಳದೆ ಹದವಾಗಿ ಬೆರೆಸಿ ತಂದುಕೊಡುವ ಮನೆಯವರ ಅಕ್ಕರೆ ಅದರಲ್ಲಿದೆ. ನೆನಪಿಟ್ಟುಕೊಂಡಿದ್ದಾರೆ ಎಂದು ತಿಳಿದಾಗ ಆಗುವ ಹಿತಕ್ಕೆ ಬೇರೆ ಹೆಸರಿಲ್ಲ.

ಇದಕ್ಕೆ ವಿರುದ್ಧವಾದದ್ದು ಮೊದಲೇ ಟಿಕ್ ಹಾಕಿಟ್ಟ ಚೌಕ. ಕೇಳುವ ಮುನ್ನವೇ ಹೌದು ಎಂದು ಬರೆದುಕೊಂಡವರ ಎದುರು ಮನಸ್ಸು ಮುದುಡುತ್ತದೆ. 2019ರ ಅಕ್ಟೋಬರ್ 1ರಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ, ಮೊದಲೇ ಗುರುತು ಹಾಕಿಟ್ಟ ಚೌಕವನ್ನು ಬಳಕೆದಾರ ತೆಗೆಯಲಿಲ್ಲ ಎಂದರೆ ಅದು ಒಪ್ಪಿಗೆಯಾಗದು ಎಂದು ತೀರ್ಪು ಕೊಟ್ಟಿತು. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಒಪ್ಪಿಗೆ ಎಂಬುದು ಮುಕ್ತವಾಗಿ, ಸ್ಪಷ್ಟವಾದ ಒಂದು ಕ್ರಿಯೆಯ ಮೂಲಕ ಬರಬೇಕು ಎನ್ನುತ್ತದೆ. ಆ ಒಪ್ಪಿಗೆ ಕೇಳುವ ಮಾತನ್ನು ಸಂವಿಧಾನದ 8ನೇ ಅನುಸೂಚಿಯ ಭಾಷೆಗಳಲ್ಲಿ ಓದುವ ಅವಕಾಶವನ್ನೂ ಕೊಡಬೇಕೆನ್ನುತ್ತದೆ; ಅವುಗಳಲ್ಲಿ ಕನ್ನಡವೂ ಒಂದು. ಕಾನೂನಿನ ಈ ಮಾತುಗಳ ಹಿಂದೆ ನನಗೆ ಒಂದು ಹಳೆಯ ಮರ್ಯಾದೆ ಕಾಣುತ್ತದೆ. ಖಾಲಿ ಬಿಟ್ಟ ಚೌಕ ಎದುರಿನವರಿಗೆ ಹಾಕಿದ ಮಣೆ. ಕೂರುವುದು, ಬಿಡುವುದು ಅವರ ಇಚ್ಛೆ. ಮಣೆ ಹಾಕುವುದು ಮಾತ್ರ ನಮ್ಮ ಧರ್ಮ.

ಮುಂದಿನ ವರ್ಷ ಅಜ್ಜ ಮತ್ತೆ ಬಂದರು. ಆ ಸಲ ಅವರ ಟವೆಲ್ಲಿಗೆ ಹೊಟ್ಟಿನ ದೂಳಿರಲಿಲ್ಲ, ಅಂಗಾಲಿಗೆ ಗೋಡುಮಣ್ಣು ಮೆತ್ತಿತ್ತು. ಅವರ ಹೆಸರು ಹುಡುಕಿ ಫಾರಂ ತೆರೆದೆ. ಭತ್ತದ ಮುಂದೆ ಟಿಕ್, ತೆಂಗಿನ ಮುಂದೆ ಟಿಕ್. ಅಡಿಕೆಯ ಮುಂದೆ ಚೌಕ ಖಾಲಿ, ಮೆಕ್ಕೆಜೋಳದ ಮುಂದೆ ಖಾಲಿ.

“ಹೋದ್ ವರ್ಷ ಬಿಟ್ಟಂಗೇ ಐತಲ್ಲ,” ಅಂದರು.

“ಹೌದಜ್ಜ. ಅವತ್ತು ಕೇಳಿದ್ರಲ್ಲ, ಖಾಲಿ ಬಿಟ್ರೆ ಏನಂತ ತಿಳ್ಕಂತಾರೆ ಅಂತ. ಕೇಳಿದ್ವಿ, ನೀವು ನೋಡಿದ್ರಿ, ಆಗಿನ್ನೂ ಅಡಿಕೆ ಇರ್ಲಿಲ್ಲ. ಹಂಗಂತ ಬರ್ಕಂಡೈತೆ.”

ಅಜ್ಜ ಪರದೆಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅದೇ ಬೆರಳನ್ನು ಅದೇ ಚೌಕದ ಮೇಲಿಟ್ಟರು.

“ಮಗ ಸಸಿ ಇಟ್ಟಾನೆ, ತಮ್ಮಾ. ಈಗ ಹಾಕು.”